ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮತ್ತು ಮೂತ್ರ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಳ್ಳಲಿರುವವರಿಗೆ, ತೆಗೆಸಿಕೊಂಡು ಮನೆಗೆ ಬಂದವರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಎಂದು ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಮೂತ್ರರೋಗ ವಿಭಾಗದ ರೋಗಿಗಳಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಆಗಿ ನಾನು ಮತ್ತೆ ಮತ್ತೆ ಕಂಡಿರುವುದು ಏನೆಂದರೆ, ಕ್ಯಾನ್ಸರ್ ಎಂಬ ಮಾತನ್ನು ಧೈರ್ಯವಾಗಿ ಕೇಳಿಸಿಕೊಂಡ ಗಂಡಸರೂ ಒದ್ದೆಯಾದ ಬಟ್ಟೆಯನ್ನು ಕಂಡು ಕುಗ್ಗಿಹೋಗುತ್ತಾರೆ. ಹೀಗಾಗುತ್ತದೆ ಎಂದು ಮೊದಲೇ ತಿಳಿದಿದ್ದವರು ಅಷ್ಟು ಕುಗ್ಗುವುದಿಲ್ಲ. ಆದ್ದರಿಂದ ಇದು ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಮನೆಯಲ್ಲೂ ವೈದ್ಯರ ಕೊಠಡಿಯಲ್ಲೂ ಬಾಯಿಬಿಟ್ಟು ಆಡಬೇಕಾದ ಮಾತು.

ಶಸ್ತ್ರಚಿಕಿತ್ಸೆಯಾದ ಮೇಲೆ ಮೂತ್ರ ಏಕೆ ಸೋರುತ್ತದೆ?

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಬುಡದಲ್ಲಿದೆ. ಮೂತ್ರನಾಳ ಅದರ ನಡುವಿನಿಂದಲೇ ಹಾದುಹೋಗುತ್ತದೆ. ಮೂತ್ರವನ್ನು ತಡೆದು ನಿಲ್ಲಿಸುವ ಸ್ನಾಯುಗಳು ಎರಡು ಕಡೆ ಇವೆ. ಮೂತ್ರಕೋಶದ ಕುತ್ತಿಗೆಯಲ್ಲಿರುವುದು ನಮ್ಮ ಗಮನಕ್ಕೇ ಬಾರದೆ ತಾನಾಗಿಯೇ ಬಿಗಿದುಕೊಂಡಿರುತ್ತದೆ. ಗ್ರಂಥಿಯ ಕೆಳಗೆ ಉಂಗುರದಂತೆ ಸುತ್ತಿಕೊಂಡಿರುವ ಇನ್ನೊಂದನ್ನು ನಾವು ಬೇಕೆಂದಾಗ ಬಿಗಿಯಬಹುದು. ಗ್ರಂಥಿಯನ್ನು ತೆಗೆಯುವಾಗ ಮೇಲಿನ ಸ್ನಾಯುವಿನ ಬಹುಪಾಲು ಅದರ ಜೊತೆಗೇ ಹೋಗುತ್ತದೆ ಅಥವಾ ದುರ್ಬಲವಾಗುತ್ತದೆ. ಆ ಬಳಿಕ ಮೂತ್ರಕೋಶವನ್ನು ಕೆಳಗೆಳೆದು ಉಳಿದ ಮೂತ್ರನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ಎರಡು ತೂಬುಗಳಿದ್ದ ಕೆರೆಗೆ ಈಗ ಒಂದೇ ತೂಬು ಉಳಿದಂತಾಗುತ್ತದೆ. ಆ ಒಂದು ಸ್ನಾಯುವೂ ಶಸ್ತ್ರಚಿಕಿತ್ಸೆಯ ಎಳೆದಾಟದಿಂದ ಕೆಲವು ವಾರ ಸೋತಿರುತ್ತದೆ.

ಕೆಮ್ಮಿದಾಗ, ಸೀನಿದಾಗ, ನೆಲದಿಂದ ಎದ್ದಾಗ, ತುಂಬಿದ ಕೊಡ ಎತ್ತಿದಾಗ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೆ ಬಿದ್ದು ಸೋರುವುದು ಈ ಕಾರಣದಿಂದ. ಕೆಲವರಲ್ಲಿ ಇದರ ಜೊತೆಗೆ ಮೂತ್ರಕೋಶವೇ ಸಿಡುಕಾಗಿ, ಇದ್ದಕ್ಕಿದ್ದಂತೆ ಅವಸರ ಉಂಟಾಗಿ, ಬಚ್ಚಲು ತಲುಪುವಷ್ಟರಲ್ಲಿ ಸೋರುವುದೂ ಉಂಟು. ಈ ಎರಡರ ಚಿಕಿತ್ಸೆ ಬೇರೆ ಬೇರೆಯಾಗಿರುವುದರಿಂದ, ನಿಮಗೆ ಯಾವಾಗ ಸೋರುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿ ಹೇಳುವುದು ಬಹಳ ಮುಖ್ಯ.

ಕ್ಯಾನ್ಸರ್ ಇಲ್ಲದೆ, ಬರೀ ಗ್ರಂಥಿ ದಪ್ಪವಾದದ್ದಕ್ಕೆ ಮಾಡುವ ಟಿಯುಆರ್‌ಪಿ ನಂತರವೂ ಹೀಗೆಯೇ ಆಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಟಿಯುಆರ್‌ಪಿಯಲ್ಲಿ ಮೂತ್ರನಾಳದ ಮೂಲಕ ಗ್ರಂಥಿಯ ಒಳಭಾಗವನ್ನು ಮಾತ್ರ ಕೆರೆದು ತೆಗೆಯುತ್ತಾರೆ, ಕೆಳಗಿನ ಉಂಗುರಸ್ನಾಯುವನ್ನು ಮುಟ್ಟುವುದಿಲ್ಲ. ಕೆಲವು ವಾರ ಉರಿ, ಅವಸರ, ಒಂದಿಷ್ಟು ಹನಿ ಸೋರುವುದು ಇರಬಹುದು. ಶಾಶ್ವತವಾಗಿ ಸೋರುವುದು ಅಪರೂಪ. ಮುಂದಿನ ಉತ್ತರಗಳು ಮುಖ್ಯವಾಗಿ ಗ್ರಂಥಿಯನ್ನು ಪೂರ್ತಿ ತೆಗೆದವರನ್ನು ಕುರಿತವು.

ಸೋರಿಕೆ ಎಷ್ಟು ದಿನ ಇರುತ್ತದೆ? ಎಲ್ಲರಿಗೂ ನಿಲ್ಲುತ್ತದೆಯೇ?

ಮೂತ್ರ ಹೊರಹೋಗಲೆಂದು ಮೂತ್ರಕೋಶಕ್ಕೆ ಹಾಕಿದ ಪೈಪನ್ನು, ಅಂದರೆ ಕ್ಯಾಥೆಟರ್ ಅನ್ನು, ತೆಗೆದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸೋರುತ್ತದೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು. ಅಲ್ಲಿಂದ ಮುಂದೆ ನಿಧಾನವಾಗಿ, ಸುಮಾರು ಒಂದು ವರ್ಷದವರೆಗೂ ಹಿಡಿತ ಮರಳುತ್ತಾ ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಜನ ಶಸ್ತ್ರಚಿಕಿತ್ಸೆಗೆ ಮುಂಚೆ ಇದ್ದ ಸ್ಥಿತಿಗೆ ಅಥವಾ ಅದರ ಸಮೀಪಕ್ಕೆ ಬಂದಿರುತ್ತಾರೆ. ಮುನ್ನೆಚ್ಚರಿಕೆಗೆಂದು ತೆಳುವಾದ ಒಂದು ಪ್ಯಾಡ್ ಇಟ್ಟುಕೊಳ್ಳುವವರೂ ಇದರಲ್ಲಿ ಸೇರಿದ್ದಾರೆ. ಸ್ವಲ್ಪ ಮಂದಿಗೆ ಮಾತ್ರ ತೊಂದರೆ ಕೊಡುವಷ್ಟು ಸೋರಿಕೆ ಉಳಿಯುತ್ತದೆ, ಅವರಿಗೂ ಚಿಕಿತ್ಸೆಯಿದೆ.

ವಯಸ್ಸು ಹೆಚ್ಚಾಗಿರುವುದು, ಬೊಜ್ಜು, ಮೊದಲೇ ಮೂತ್ರದ ತೊಂದರೆ ಇದ್ದದ್ದು, ಹಿಂದೆ ವಿಕಿರಣ ಚಿಕಿತ್ಸೆ ಆಗಿರುವುದು ಚೇತರಿಕೆಯನ್ನು ನಿಧಾನಗೊಳಿಸುತ್ತವೆ. ಪಕ್ಕದ ಮನೆಯವರಿಗೆ ಮೂರು ವಾರದಲ್ಲಿ ನಿಂತಿತು ಎಂಬ ಸುದ್ದಿಯನ್ನು ಹಿಡಿದು ನಿಮ್ಮ ದಿನಗಳನ್ನು ಎಣಿಸಬೇಡಿ.

ರೋಬೋಟ್ ಮೂಲಕ ಮಾಡಿಸಿದರೆ ಸೋರುವುದಿಲ್ಲವೇ?

ಹಾಗೆಂದು ಭರವಸೆ ಕೊಡಲು ಬರುವುದಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೋಬೋಟ್ ವಿಧಾನವನ್ನೂ ತೆರೆದ ಶಸ್ತ್ರಚಿಕಿತ್ಸೆಯನ್ನೂ ನೇರವಾಗಿ ಹೋಲಿಸಿದ ಅಧ್ಯಯನದ ಮೊದಲ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಹೊತ್ತಿಗೂ, ಮುಂದೆ ಎರಡು ವರ್ಷದ ಹೊತ್ತಿಗೂ, ಮೂತ್ರದ ಹಿಡಿತದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರೋಬೋಟ್ ವಿಧಾನದಲ್ಲಿ ರಕ್ತಸ್ರಾವ ಕಡಿಮೆ, ಆಸ್ಪತ್ರೆಯಿಂದ ಬೇಗ ಮನೆಗೆ ಬರಬಹುದು. ಆ ಲಾಭಗಳು ನಿಜ. ಆದರೆ ಸೋರಿಕೆಯ ಮಟ್ಟಿಗೆ ಯಂತ್ರಕ್ಕಿಂತ ಅದನ್ನು ನಡೆಸುವ ಕೈಯ ಅನುಭವ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಶಸ್ತ್ರಚಿಕಿತ್ಸಕರನ್ನು, ‘ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ನಿಮ್ಮ ರೋಗಿಗಳಲ್ಲಿ ವರ್ಷದ ನಂತರ ಎಷ್ಟು ಮಂದಿಗೆ ಪ್ಯಾಡ್ ಬೇಕಾಗುತ್ತದೆ’ ಎಂದು ಕೇಳಿ. ಕೇಳುವುದು ಅಗೌರವವಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚೆ ಏನೇನು ಸಿದ್ಧತೆ ಮಾಡಿಕೊಳ್ಳಬೇಕು?

ಸಾಧ್ಯವಾದರೆ ನಾಲ್ಕಾರು ವಾರ ಮುಂಚೆಯೇ ಫಿಸಿಯೋಥೆರಪಿಸ್ಟ್ ಅವರನ್ನು ಕಂಡು ವ್ಯಾಯಾಮ ಕಲಿಯಿರಿ. ನೋವು, ಭಯ, ಹೊಲಿಗೆ ಇವೆಲ್ಲ ಇರುವಾಗ ಹೊಸದಾಗಿ ಒಂದು ಸ್ನಾಯುವನ್ನು ಹುಡುಕುವುದು ಕಷ್ಟ. ಮೊದಲೇ ಪರಿಚಯವಾಗಿದ್ದರೆ ಮತ್ತೆ ಹಿಡಿಯುವುದು ಸುಲಭ. ಬೀಡಿ, ಸಿಗರೇಟು ಸೇದುವವರು ನಿಲ್ಲಿಸಬೇಕು, ಏಕೆಂದರೆ ಪ್ರತಿ ಕೆಮ್ಮೂ ಹೊಸ ಹೊಲಿಗೆಯ ಮೇಲೂ ಸೋತ ಸ್ನಾಯುವಿನ ಮೇಲೂ ಬೀಳುವ ಗುದ್ದು. ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಗೆ ತರಬೇಕು. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಮೂತ್ರ ಹೆಚ್ಚುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಮಲಬದ್ಧತೆ ಇದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಹಾಸಿಗೆಗೆ ನೀರು ಇಳಿಯದ ರಬ್ಬರ್ ಶೀಟು, ಅದರ ಮೇಲೆ ಹಾಸಲು ಮೆತ್ತನೆಯ ಹತ್ತಿಬಟ್ಟೆ, ಒಂದು ಪ್ಯಾಕೆಟ್ ಪ್ಯಾಡ್, ಮೈಗೆ ಬಿಗಿಯಾಗಿ ಕೂರುವ ಐದಾರು ಒಳಚಡ್ಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಒಂದು ದೀಪ ಇರಲಿ. ಮೊದಲೇ ಹೆಚ್ಚು ಪ್ಯಾಡ್ ತಂದು ರಾಶಿ ಹಾಕಬೇಡಿ. ಎಷ್ಟು ದಪ್ಪದ್ದು ಬೇಕೆಂದು ತಿಳಿಯುವುದು ಕ್ಯಾಥೆಟರ್ ತೆಗೆದ ಮೇಲೆ.

ವ್ಯಾಯಾಮವನ್ನು ಸರಿಯಾಗಿ ಮಾಡುವುದು ಹೇಗೆ?

ಕೀಗಲ್ ವ್ಯಾಯಾಮ ಎಂದು ಎಲ್ಲರೂ ಕರೆಯುವ ಇದಕ್ಕೆ ಹೆಸರು ಬಂದಿರುವುದು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ ಅವರಿಂದ. ಅವರು 1948ರಲ್ಲಿ ಇದನ್ನು ವಿವರಿಸಿದ್ದು ಹೆರಿಗೆಯ ನಂತರ ಮೂತ್ರ ಸೋರುತ್ತಿದ್ದ ಹೆಂಗಸರಿಗಾಗಿ. ಹಾಗಾಗಿ ‘ಇದು ಹೆಂಗಸರ ವ್ಯಾಯಾಮವಲ್ಲವೇ’ ಎಂದು ನನ್ನನ್ನು ಕೇಳಿದವರಿದ್ದಾರೆ. ಕಿಬ್ಬೊಟ್ಟೆಯ ತಳದಲ್ಲಿ ಜೋಲಿಯಂತೆ ಹರಡಿರುವ ಈ ಸ್ನಾಯು ಗಂಡಸರಲ್ಲೂ ಇದೆ, ಪ್ರಾಸ್ಟೇಟ್ ಹೋದ ಮೇಲೆ ಆಸರೆಯಾಗುವುದೂ ಅದೇ.

ಮೊದಲು ಮಂಡಿ ಮಡಚಿ ಅಂಗಾತ ಮಲಗಿ. ಹರಿಯುತ್ತಿರುವ ಮೂತ್ರವನ್ನು ತಡೆಯುವಂತೆ, ಶಿಶ್ನವನ್ನು ಒಳಕ್ಕೆ ಎಳೆದು ಗಿಡ್ಡ ಮಾಡುವಂತೆ, ವೃಷಣಗಳನ್ನು ಮೇಲಕ್ಕೆತ್ತುವಂತೆ ಒಳಗಿನಿಂದ ಬಿಗಿಯಿರಿ. ಕನ್ನಡಿಯ ಮುಂದೆ ನಿಂತು ಮಾಡಿದರೆ ಶಿಶ್ನದ ಬುಡ ತುಸು ಒಳಸರಿಯುವುದು, ವೃಷಣ ತುಸು ಮೇಲೇರುವುದು ಕಣ್ಣಿಗೇ ಕಾಣಿಸುತ್ತದೆ. ಸರಿಯಾದ ಸ್ನಾಯು ಸಿಕ್ಕಿದೆ ಎನ್ನುವುದಕ್ಕೆ ಅದೇ ಗುರುತು. ಪೃಷ್ಠ ಗಟ್ಟಿಯಾದರೆ, ತೊಡೆ ಕೂಡಿಕೊಂಡರೆ, ಹೊಟ್ಟೆ ಉಬ್ಬಿದರೆ ಅಥವಾ ಉಸಿರು ಕಟ್ಟಿದರೆ ತಪ್ಪಾಗಿದೆ ಎಂದು ತಿಳಿಯಿರಿ. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಮಾಡಿದರೆ ಉಸಿರು ಕಟ್ಟುವುದಿಲ್ಲ.

ಆರಂಭದಲ್ಲಿ ಮೂರು ಸೆಕೆಂಡು ಹಿಡಿಯಲಾದರೂ ಸಾಕು. ಕ್ರಮೇಣ ಹತ್ತು ಸೆಕೆಂಡಿಗೆ ಏರಿಸಿ. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಸಡಿಲಿಸುವುದೂ ವ್ಯಾಯಾಮದ ಅರ್ಧಭಾಗ. ಹೀಗೆ ಹತ್ತು ಬಾರಿ, ಆಮೇಲೆ ಥಟ್ಟನೆ ಬಿಗಿದು ಥಟ್ಟನೆ ಬಿಡುವುದು ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು. ಮಲಗಿ ರೂಢಿಯಾದ ಮೇಲೆ ಕುಳಿತು, ನಂತರ ನಿಂತು ಮಾಡಿ, ಏಕೆಂದರೆ ಸೋರುವುದು ನಿಂತಾಗ. ಬೇಗ ಗುಣವಾಗಲೆಂದು ದಿನಕ್ಕೆ ನೂರಾರು ಬಾರಿ ಮಾಡುವವರಿದ್ದಾರೆ. ಸ್ನಾಯು ದಣಿದು ಸೋರಿಕೆ ಹೆಚ್ಚುತ್ತದೆ, ಹಾಗೆ ಮಾಡಬೇಡಿ. ಮೂತ್ರ ಮಾಡುವಾಗ ಮಧ್ಯೆ ಮಧ್ಯೆ ತಡೆದು ಅಭ್ಯಾಸ ಮಾಡುವುದೂ ಒಳ್ಳೆಯದಲ್ಲ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಇಷ್ಟೆಲ್ಲ ಕಲಿತದ್ದನ್ನು ದಿನದ ಚಲನೆಯಲ್ಲಿ ಬೆರೆಸದಿದ್ದರೆ ಪ್ರಯೋಜನ ಅರ್ಧವೇ. ಕುರ್ಚಿಯಿಂದ ಏಳುವ ಮುಂಚಿನ ಕ್ಷಣದಲ್ಲಿ, ಸೀನು ಬರುತ್ತಿದೆ ಎಂದು ಗೊತ್ತಾದ ಕೂಡಲೇ, ಬಕೆಟ್ಟಿನ ಹಿಡಿಗೆ ಕೈ ಹಾಕುವ ಮೊದಲು ಬಿಗಿಯಿರಿ. ‘ಮೊದಲು ಬಿಗಿ, ಆಮೇಲೆ ಏಳು’ ಎಂದು ನಾನು ಹೇಳಿಕೊಡುತ್ತೇನೆ. ವ್ಯಾಯಾಮ ಮಾಡಿದವರಿಗೆ ಹಿಡಿತ ಬೇಗ ಬರುತ್ತದೆ. ಆದರೆ ವರ್ಷ ಕಳೆಯುವ ಹೊತ್ತಿಗೆ ಮಾಡಿದವರಿಗೂ ಮಾಡದವರಿಗೂ ಅಂತರ ಕಡಿಮೆಯಾಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದ್ದರಿಂದ ಇನ್ನೂ ಸೋರುತ್ತಿದ್ದರೆ ಅದು ನಿಮ್ಮ ಸೋಮಾರಿತನದ ಫಲ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ನಾನು ಯೋಗಾಭ್ಯಾಸ ಮಾಡುತ್ತೇನೆ. ಮೂಲಬಂಧ, ಅಶ್ವಿನಿ ಮುದ್ರೆ ಸಾಲದೇ?

ಅವು ನಿಮಗೆ ಗೊತ್ತಿದ್ದರೆ ಬಹಳ ಒಳ್ಳೆಯದು, ಅರ್ಧ ದಾರಿ ಬಂದಂತೆ. ಆದರೆ ಅಶ್ವಿನಿ ಮುದ್ರೆಯಲ್ಲಿ ಗಮನ ಗುದದ್ವಾರದ ಮೇಲಿರುತ್ತದೆ. ನಿಮಗೀಗ ಬೇಕಾದದ್ದು ಮುಂಭಾಗದ, ಮೂತ್ರನಾಳದ ಸುತ್ತಲಿನ ಬಿಗಿತ. ಉಸಿರನ್ನು ಕಟ್ಟಿ ಮಾಡುವ ಬಂಧಗಳನ್ನೂ ಕಪಾಲಭಾತಿಯನ್ನೂ ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ನಿಲ್ಲಿಸಿ.

ಕ್ಯಾಥೆಟರ್ ಇರುವ ದಿನಗಳಲ್ಲಿ ಏನು ಗಮನಿಸಬೇಕು?

ಹೊಲಿದ ಜಾಗ ಮಾಯಲೆಂದು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಕ್ಯಾಥೆಟರ್ ಇಟ್ಟಿರುತ್ತಾರೆ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪು ಜಗ್ಗದಂತೆ ತೊಡೆಗೆ ಅಂಟುಪಟ್ಟಿಯಿಂದ ಭದ್ರವಾಗಿ ಅಂಟಿಸಿರಬೇಕು. ಮೂತ್ರ ತಿಳಿಗೆಂಪಾಗಿರುವುದು, ಮಲವಿಸರ್ಜನೆಗೆ ತಿಣುಕಿದಾಗ ಪೈಪಿನ ಪಕ್ಕದಿಂದ ತುಸು ಮೂತ್ರ ಅಥವಾ ರಕ್ತ ಜಿನುಗುವುದು ಸಾಮಾನ್ಯ. ಪೈಪು ಇರುವಾಗ ಬಿಗಿಯುವ ವ್ಯಾಯಾಮ ಬೇಡ.

ಒಂದು ಮಾತನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಎನ್ನುತ್ತೇನೆ. ಕ್ಯಾಥೆಟರ್ ಅಕಸ್ಮಾತ್ ಕಳಚಿ ಬಂದರೆ ಅಥವಾ ಮೂತ್ರ ಬರುವುದೇ ನಿಂತರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಸದನ್ನು ಹಾಕಿಸಿಕೊಳ್ಳಬೇಡಿ. ಹಸಿ ಹೊಲಿಗೆಯ ದಾರಿಯಲ್ಲಿ ಪೈಪು ತಪ್ಪಿ ಹೋದರೆ ಹೊಲಿಗೆಯೇ ಹರಿಯಬಹುದು. ನೇರವಾಗಿ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ಫೋನ್ ಮಾಡಿ ಹೊರಡಿ. ಅವರು ತೀರಾ ದೂರವಿದ್ದರೆ ಮೂತ್ರರೋಗ ತಜ್ಞರಿರುವ ಆಸ್ಪತ್ರೆಗೇ ಹೋಗಿ, ಶಸ್ತ್ರಚಿಕಿತ್ಸೆಯಾದ ದಿನಾಂಕವನ್ನು ಮೊದಲು ಹೇಳಿ.

ಕ್ಯಾಥೆಟರ್ ತೆಗೆಯುವ ದಿನ ಏನು ತೆಗೆದುಕೊಂಡು ಹೋಗಬೇಕು?

ನಾಲ್ಕು ಪ್ಯಾಡ್, ಎರಡು ಒಳಚಡ್ಡಿ, ಗಾಢ ಬಣ್ಣದ ಒಂದು ಪ್ಯಾಂಟು, ಒಂದು ಟವೆಲ್, ಕಾರಿನ ಸೀಟಿಗೆ ಹಾಸಲು ಒಂದು ಶೀಟು. ಪೈಪು ತೆಗೆದು ಎದ್ದು ನಿಂತ ಮರುಕ್ಷಣವೇ ಕಾಲಿನ ಮೇಲೆ ಮೂತ್ರ ಇಳಿಯಬಹುದು. ಅದು ಆ ದಿನದ ಸಹಜ ಸ್ಥಿತಿ. ಶಸ್ತ್ರಚಿಕಿತ್ಸೆ ಕೆಟ್ಟಿತು ಎಂದು ಅರ್ಥವಲ್ಲ.

ಪ್ಯಾಡ್ ಒಳ್ಳೆಯದೇ, ಡೈಪರ್ ಒಳ್ಳೆಯದೇ? ಮನೆಯಲ್ಲಿ ಪಂಚೆ ಉಡುವವರು ಏನು ಮಾಡಬೇಕು?

ಮೊದಲ ಒಂದೆರಡು ವಾರ, ಅದರಲ್ಲೂ ಪ್ರಯಾಣದಲ್ಲಿ, ಚಡ್ಡಿಯಂತೆ ಹಾಕಿಕೊಳ್ಳುವ ಡೈಪರ್ ಅನುಕೂಲ. ಸೋರಿಕೆ ತಗ್ಗಿದಂತೆ ಮುಂಭಾಗದಲ್ಲಿ ಮಾತ್ರ ಕೂರುವ, ಗಂಡಸರಿಗಾಗಿ ಮಾಡಿದ ಪ್ಯಾಡ್‌ಗೆ ಬನ್ನಿ. ಅಗ್ಗ, ಬಟ್ಟೆಯ ಮೇಲೆ ಕಾಣುವುದೂ ಇಲ್ಲ. ಹೆಂಗಸರ ಮುಟ್ಟಿನ ಪ್ಯಾಡ್‌ಗಳನ್ನು ರಕ್ತ ಹೀರಲೆಂದು ಮಾಡಿರುವುದರಿಂದ ರಭಸವಾಗಿ ಬರುವ ಮೂತ್ರವನ್ನು ಅವು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಪಟ್ಟಾಪಟ್ಟಿ ಚಡ್ಡಿಯೊಳಗೆ ಪ್ಯಾಡ್ ನಿಲ್ಲುವುದಿಲ್ಲ. ಪಂಚೆ ಉಡುವವರು ಒಳಗೆ ಬಿಗಿಯಾದ ಚಡ್ಡಿ ಹಾಕಿ ಅದರಲ್ಲಿ ಪ್ಯಾಡ್ ಇಟ್ಟರೆ ಪಂಚೆ ಬಿಡಬೇಕಾದ ಪ್ರಸಂಗವೇ ಬಾರದು. ಖರ್ಚು ಭಾರವೆನಿಸಿದರೆ ಮನೆಯಲ್ಲಿರುವಾಗ ಹಳೆಯ ಮೆತ್ತನೆಯ ಹತ್ತಿಪಂಚೆಯನ್ನು ಹಲವು ಪದರ ಮಡಚಿ ಬಳಸಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬಹುದು.

ಒದ್ದೆ ಪ್ಯಾಡ್ ಬಹಳ ಹೊತ್ತು ಇದ್ದರೆ ತೊಡೆಸಂದು ಕೆಂಪಾಗಿ ಉರಿಯುತ್ತದೆ. ಬದಲಿಸುವಾಗ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಜಿಂಕ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಿ. ಪೌಡರ್ ಹಾಕಿದರೆ ಒದ್ದೆಯಲ್ಲಿ ಗಂಟುಗಟ್ಟಿ ಇನ್ನಷ್ಟು ಕೆರೆತವಾಗುತ್ತದೆ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡಿ. ಬೆಂಗಳೂರಿನಲ್ಲಿ ಇಂಥ ಪೊಟ್ಟಣದ ಮೇಲೆ ಕೆಂಪು ಗುರುತು ಹಾಕುವ ರೂಢಿ ಇದೆ. ಕಸ ವಿಂಗಡಿಸುವವರ ಕೈಗಳ ಬಗ್ಗೆಯೂ ನಾವು ಯೋಚಿಸಬೇಕು.

ನೀರು ಕಡಿಮೆ ಕುಡಿದರೆ ಸೋರುವುದು ಕಡಿಮೆಯಾಗುವುದಿಲ್ಲವೇ?

ಬಹುತೇಕ ಎಲ್ಲರೂ ಮಾಡುವ ತಪ್ಪು ಇದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಅವಸರ ಹೆಚ್ಚುತ್ತದೆ, ಸೋಂಕಿಗೂ ಮಲಬದ್ಧತೆಗೂ ದಾರಿಯಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ಮಿತಿ ಹಾಕಿರದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಿರಿ; ಹೆಚ್ಚಿನದು ಹಗಲಿನಲ್ಲಿರಲಿ, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ ಮತ್ತು ಮದ್ಯವನ್ನು. ಬೆಳಗಿನ ಫಿಲ್ಟರ್ ಕಾಫಿಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಲೋಟ ಇದ್ದದ್ದು ಒಂದಕ್ಕೆ ಇಳಿದರೂ ವ್ಯತ್ಯಾಸ ಕಾಣುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನೇ ಕೇಳಿ.

ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆಗೆ ಸೋರುತ್ತದೆ. ಸುಧಾರಿಸುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ರಾತ್ರಿ ಮಲಗಿದಾಗ ಒಣಗಿರುವುದು ಸಾಮಾನ್ಯವಾಗಿ ಮೊದಲು ಬರುತ್ತದೆ, ಆಮೇಲೆ ಬೆಳಗಿನ ಹೊತ್ತು, ಎಲ್ಲಕ್ಕಿಂತ ಕೊನೆಗೆ ಸಂಜೆ. ದಿನವಿಡೀ ದುಡಿದ ಸ್ನಾಯು ಸಂಜೆಗೆ ದಣಿಯುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಮಲಗಿ ವಿಶ್ರಾಂತಿ ಪಡೆದರೆ ಸಂಜೆ ಹಗುರಾಗುತ್ತದೆ.

ಅಳೆಯಲು ಸುಲಭ ಉಪಾಯ ತೂಕ. ಒಣ ಪ್ಯಾಡ್ 14 ಗ್ರಾಂ, ಒದ್ದೆಯಾದದ್ದು 62 ಗ್ರಾಂ ಇದ್ದರೆ ಸೋರಿದ್ದು ಸುಮಾರು 48 ಮಿಲಿಲೀಟರ್. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ನನ್ನ ಬಳಿ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇದಕ್ಕೆಂದೇ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಕೊಂಡು, ಪ್ಯಾಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತೂಗಿ, ಹಾಜರಿ ಪುಸ್ತಕದಂತೆ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಇಡೀ ದಿನದ ಮೊತ್ತ ಬರೆಯುತ್ತಿದ್ದರು. ಏನೂ ಸುಧಾರಿಸಿಲ್ಲ ಎಂದು ಬೇಸರದಿಂದ ಬಂದ ದಿನ ಪುಟ ತಿರುಗಿಸಿ ನೋಡಿದರೆ ಮೊದಲ ತಿಂಗಳ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ದಿನನಿತ್ಯದ ಏರಿಳಿತದಲ್ಲಿ ಕಣ್ಣಿಗೆ ಬೀಳದ್ದು ಆ ಪುಟದಲ್ಲಿ ಕಂಡಿತು. ವೈದ್ಯರಿಗೂ ಇಂಥ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ.

ದೇವಸ್ಥಾನ, ಮದುವೆ, ಬಸ್ ಪ್ರಯಾಣ ಇವೆಲ್ಲ ಯಾವಾಗ?

ಮೈ ಒಪ್ಪಿದ ಕೂಡಲೇ ಹೋಗಿ. ಮೈಲಿಗೆ ಎಂದು ಪೂಜೆಯನ್ನೇ ಬಿಟ್ಟವರನ್ನು, ನಮಾಜಿನಲ್ಲಿ ಬಾಗಿದಾಗ ಸೋರುತ್ತದೆಂದು ಮಸೀದಿಗೆ ಹೋಗುವುದನ್ನು ನಿಲ್ಲಿಸಿದವರನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗಿದೆ. ಇದು ಕಾಯಿಲೆಯ ಚಿಕಿತ್ಸೆಯಿಂದ ಬಂದ ಸ್ಥಿತಿ. ನೀವು ನಂಬುವ ಹಿರಿಯರನ್ನೋ ಧರ್ಮಗುರುಗಳನ್ನೋ ಒಮ್ಮೆ ಕೇಳಿ ನೋಡಿ. ಪಂಕ್ತಿ ಊಟದಲ್ಲಿ ಚಕ್ಕಳಮಕ್ಕಳ ಕುಳಿತು ಏಳುವಾಗ ಸೋರುವುದು ಹೆಚ್ಚು, ಮೇಜಿನ ವ್ಯವಸ್ಥೆ ಇದ್ದರೆ ಅಲ್ಲಿ ಕುಳಿತುಕೊಳ್ಳಿ. ಬಸ್ಸಿನಲ್ಲಿ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ. ಸೈಕಲ್, ಬೈಕು ಮತ್ತು ಭಾರ ಎತ್ತುವುದಕ್ಕೆ ಮಾತ್ರ ಶಸ್ತ್ರಚಿಕಿತ್ಸಕರ ಒಪ್ಪಿಗೆ ಬೇಕು.

ದಾಂಪತ್ಯದ ಸಮಯದಲ್ಲೂ ಸೋರುತ್ತದೆ. ಇದು ಸಹಜವೇ?

ಹೌದು, ಅನೇಕರಿಗೆ ಆಗುತ್ತದೆ. ಮುಂಚೆ ಮೂತ್ರಕೋಶ ಖಾಲಿ ಮಾಡಿಕೊಳ್ಳಿ, ಒಂದು ಟವೆಲ್ ಹಾಸಿಕೊಳ್ಳಿ, ಬೇಕಿದ್ದರೆ ಕಾಂಡೋಮ್ ಬಳಸಿ. ಇದರಿಂದ ಪತ್ನಿಗೆ ಅಪಾಯವಿಲ್ಲ. ನಿಮಿರುವಿಕೆಯ ತೊಂದರೆ ಬೇರೆಯೇ ವಿಷಯ, ಅದಕ್ಕೂ ಚಿಕಿತ್ಸೆಯಿದೆ. ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಮಾತ್ರೆಯಿಂದ ನಿಲ್ಲಿಸಲು ಸಾಧ್ಯವೇ?

ಅವಸರದಿಂದ ಆಗುವ ಸೋರಿಕೆಗೆ ಸಾಲಿಫೆನಾಸಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳು ನೆರವಾಗುತ್ತವೆ. ಮೊದಲನೆಯ ಬಗೆಯವು ಬಾಯಿ ಒಣಗಿಸಬಹುದು, ಮಲಬದ್ಧತೆ ತರಬಹುದು, ವಯಸ್ಸಾದವರಲ್ಲಿ ಮಂಕು ಕವಿಯುವಂತೆಯೂ ಮಾಡಬಹುದು. ಕೆಮ್ಮಿದಾಗ ಆಗುವ ಸೋರಿಕೆಗೆ ಇವು ಮದ್ದಲ್ಲ.

ತಿಂಗಳುಗಳು ಉರುಳಿದರೂ ನಿಲ್ಲದಿದ್ದರೆ?

ಆರು ತಿಂಗಳಾದರೂ ಸುಧಾರಣೆಯೇ ಇಲ್ಲದೆ ತುಂಬಾ ತೊಂದರೆಯಾಗುತ್ತಿದ್ದರೆ ಮುಂದಿನ ಚಿಕಿತ್ಸೆಯ ಮಾತು ಶುರುಮಾಡಬಹುದು. ಒಂದು ವರ್ಷವಾದ ಮೇಲಂತೂ ಖಂಡಿತ ಮಾಡಬೇಕು. ಸಿಸ್ಟೋಸ್ಕೋಪಿಯಿಂದ, ಅಂದರೆ ಮೂತ್ರನಾಳದ ಮೂಲಕ ಸಣ್ಣ ಕ್ಯಾಮೆರಾ ಹಾಯಿಸಿ, ಒಳಗೆ ನೋಡಿ, ಅಗತ್ಯವಿದ್ದರೆ ಮೂತ್ರಕೋಶದ ಒತ್ತಡದ ಪರೀಕ್ಷೆ ಮಾಡುತ್ತಾರೆ. ಸೋರಿಕೆ ಕಡಿಮೆ ಅಥವಾ ಮಧ್ಯಮವಾಗಿದ್ದು ವಿಕಿರಣ ಚಿಕಿತ್ಸೆ ಆಗಿಲ್ಲದಿದ್ದರೆ, ಮೂತ್ರನಾಳಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ಲಿಂಗ್ ಎಂಬ ಪಟ್ಟಿ ಹಾಕಬಹುದು.

ಸೋರಿಕೆ ತೀವ್ರವಾಗಿದ್ದರೆ ಕೃತಕ ಸ್ಫಿಂಕ್ಟರ್, ಅಂದರೆ ಕೃತಕ ಉಂಗುರಸ್ನಾಯು, ಹೆಚ್ಚು ಭರವಸೆಯದು. 1970ರ ದಶಕದಿಂದ ಬಳಕೆಯಲ್ಲಿರುವ ಈ ಸಾಧನದಲ್ಲಿ ದ್ರವ ತುಂಬಿದ ಪಟ್ಟಿಯೊಂದು ಮೂತ್ರನಾಳವನ್ನು ಸುತ್ತಿ ಮುಚ್ಚಿರುತ್ತದೆ. ವೃಷಣದ ಚೀಲದೊಳಗೆ ಇಟ್ಟ ಪುಟ್ಟ ಪಂಪನ್ನು ಬೆರಳಿನಿಂದ ಒತ್ತಿದರೆ ಪಟ್ಟಿ ಸಡಿಲವಾಗಿ ಮೂತ್ರ ಹೋಗುತ್ತದೆ, ಕೆಲವು ನಿಮಿಷಗಳಲ್ಲಿ ತಾನಾಗಿಯೇ ಮತ್ತೆ ಮುಚ್ಚಿಕೊಳ್ಳುತ್ತದೆ. ಗಾಯ ಮಾಯಲೆಂದು ಸುಮಾರು ಆರು ವಾರ ಬಿಟ್ಟು ಅದನ್ನು ಚಾಲನೆಗೆ ತರುತ್ತಾರೆ. ಪಂಪ್ ಒತ್ತಲು ಕೈಬೆರಳುಗಳಲ್ಲಿ ಬಲವಿರಬೇಕು. ವರ್ಷಗಳು ಕಳೆದ ಮೇಲೆ ಬದಲಿಸಬೇಕಾಗಬಹುದು. ನಮ್ಮಲ್ಲಿ ಇದರ ಬೆಲೆ ಲಕ್ಷಗಳಲ್ಲಿದೆ. ವಿಮೆಯಲ್ಲಿ ಎಷ್ಟು ಸಿಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಇದನ್ನು ಹಾಕಿಸಿಕೊಂಡವರಿಗೆ ಬೇರೆ ಯಾವ ಕಾರಣಕ್ಕೂ, ಸಾಧನವನ್ನು ನಿಷ್ಕ್ರಿಯಗೊಳಿಸದೆ ಕ್ಯಾಥೆಟರ್ ಹಾಕಬಾರದು. ಮೈಯಲ್ಲಿ ಈ ಸಾಧನ ಇದೆ ಎಂದು ತಿಳಿಸುವ ಕಾರ್ಡು ಸದಾ ಜೇಬಿನಲ್ಲಿರಲಿ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದರೆ, ರಕ್ತದ ಗರಣೆಗಳು ಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಆ ದಿನವೇ ಹೋಗಬೇಕು. ಕೆಲವು ವಾರಗಳ ನಂತರ ಮೂತ್ರದ ಧಾರೆ ಸಣ್ಣದಾಗುತ್ತಾ ಬಂದರೆ, ಹೊಲಿದ ಜಾಗ ಕಿರಿದಾಗಿರಬಹುದು. ಸೋರಿಕೆ ಕಡಿಮೆಯಾಯಿತೆಂದು ಸಂತೋಷಪಟ್ಟು ಸುಮ್ಮನಾಗಬೇಡಿ.

ಅಪ್ಪ ಕೋಣೆಯಿಂದ ಹೊರಗೇ ಬರುತ್ತಿಲ್ಲ. ನಾವು ಏನು ಮಾಡಬೇಕು?

‘ವಾಸನೆ ಬರುತ್ತಿದೆ’ ಎಂಬ ಮಾತನ್ನು ಮೊಮ್ಮಕ್ಕಳ ಬಾಯಲ್ಲೂ ಬರದಂತೆ ನೋಡಿಕೊಳ್ಳಿ. ಪ್ಯಾಡ್ ತರುವುದು, ಬಟ್ಟೆ ಒಗೆಯುವುದು ಇವನ್ನು ಹೆಂಡತಿ ಅಥವಾ ಸೊಸೆಯ ಪಾಲಿಗೇ ಬಿಡದೆ ಗಂಡುಮಕ್ಕಳು ವಹಿಸಿಕೊಂಡರೆ ಅವರ ಸಂಕೋಚ ಅರ್ಧ ಇಳಿಯುತ್ತದೆ. ಎರಡು ವಾರ ದಾಟಿದರೂ ಊಟ, ನಿದ್ರೆ, ಮಾತು ಯಾವುದೂ ಬೇಡವೆನ್ನುತ್ತಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ತಿಳಿಸಿ. ಇವತ್ತೇ ಮಾಡಬಹುದಾದದ್ದು ಒಂದಿದೆ: ಬಚ್ಚಲುಮನೆಯಲ್ಲಿ ಅವರ ಕೈಗೆಟುಕುವ ಕಡೆ ಮುಚ್ಚಳವಿರುವ ಒಂದು ಬಕೆಟ್, ಹಳೆಯ ಕಾಗದ, ಪ್ಯಾಡ್‌ಗಳ ಪ್ಯಾಕೆಟ್ ಮತ್ತು ಒಗೆದ ಒಳಚಡ್ಡಿಗಳನ್ನು ಒಟ್ಟಿಗೆ ಇಟ್ಟುಬಿಡಿ. ಯಾರನ್ನೂ ಕರೆಯದೆ, ಯಾರಿಗೂ ಹೇಳದೆ, ಅವರೇ ಬದಲಿಸಿಕೊಂಡು ಹೊರಗೆ ಬರಲಿ.